ಅಪ್ಪನ ಸಾನ್ಸುಯಿ ಆಂಪ್ಲಿಫೈಯರ್: ಇದು ಆ ಟಿವಿ ಕಂಪನಿದೇನಾ?

ಸೆಕ್ಟರ್ ಹುಡುಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಅವ್ವನ ಹಳೇ ಇಳಕಲ್ ಸೀರೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅಪ್ಪನ ಆಂಪ್ಲಿಫೈಯರ್. ಕಪ್ಪು ಮುಖ, ಉದ್ದಕ್ಕೂ ಗುಂಡಿಗಳು, ಸಾನ್ಸುಯಿ ಎಯು-717 ಅಂತ ಬರೆದಿದೆ, ಹಿಂದೆ ಮೇಡ್ ಇನ್ ಜಪಾನ್ ಅಂತ ಇದೆ. ಖಾಲಿ ಗ್ಯಾಸ್ ಸಿಲಿಂಡರಿನಷ್ಟು ಭಾರ. ಏಣಿಯಿಂದ ಇಳಿಸುವಷ್ಟರಲ್ಲಿ ಸೊಂಟ ಹಿಡಿಯಿತು.

ದೊಡ್ಡಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದರು. 1979ರಲ್ಲಿ ರಜೆಗೆ ಬರುವಾಗ ಇದನ್ನು ತಂದರು. ಅಪ್ಪ ಬಾಂಬೆಗೆ ಹೋಗಿ ಅವರನ್ನು ಕರೆದುಕೊಂಡು ಬಂದದ್ದು, ಹೊಟಗಿಯಲ್ಲಿ ದೊಡ್ಡ ಗಾಡಿ ಇಳಿದು ಗದಗ ಕಡೆಯ ಮೀಟರ್ ಗೇಜ್ ಗಾಡಿ ಹತ್ತಿದ್ದು, ಸೀಟಿನ ಮೇಲೆ ಈ ಡಬ್ಬಕ್ಕೇ ಜಾಗ ಕೊಟ್ಟು ತಾವು ಬಾಗಲಕೋಟೆ ತನಕ ನಿಂತೇ ಬಂದದ್ದು, ಎಲ್ಲ ನಮಗೆ ಬಾಯಿಪಾಠ. ಭಾನುವಾರ ಬೆಳಿಗ್ಗೆ ಮನ್ಸೂರರ, ಭೀಮಸೇನ ಜೋಶಿಯವರ ಎಲ್‌ಪಿ ಹಾಕಿದರೆ ಓಣಿಯವರು ಕಟ್ಟೆಗೆ ಬಂದು ಕೂರುತ್ತಿದ್ದರಂತೆ. ಆಲಮಟ್ಟಿ ಹಿನ್ನೀರು ಬಂತು, ಹಳೇ ಊರಿನ ಮನೆ ಹೋಯಿತು, ನವನಗರಕ್ಕೆ ಬಂದೆವು. ಸಾಮಾನು ಸಾಗಿಸುವಾಗ ರೆಕಾರ್ಡ್ ಪ್ಲೇಯರ್ ಒಡೆಯಿತು. ಆಂಪ್ಲಿಫೈಯರ್ ಅಟ್ಟ ಸೇರಿತು. ಅದರ ಜಾಗಕ್ಕೆ ಬಂದ ಕಲರ್ ಟಿವಿ ಕೂಡ ಸಾನ್ಸುಯಿನೇ! ಹಾಗಾಗಿ ನನಗೆ ಸಾನ್ಸುಯಿ ಅಂದರೆ ಟಿವಿ, ಅಷ್ಟೇ.

ಮೊನ್ನೆ ಇಲ್ಲಿನ ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಅವನು ಮುಚ್ಚಳ ಕೂಡ ತೆಗೆಯಲಿಲ್ಲ. "ಟಿವಿ ಕಂಪನಿದ್ ಐತ್ರಿ ಇದು, ಪಾರ್ಟ್ ಸಿಗಂಗಿಲ್ಲ, ಗುಜರಿಗೆ ಹಾಕ್ರಿ, ತಾಮ್ರಕ್ಕ ಚಲೋ ರೇಟ್ ಬರ್ತದ" ಅಂದ. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ.

ಇದು ನಿಜಕ್ಕೂ ಆ ಟಿವಿ ಕಂಪನಿದೇನಾ? ಆ ಕಂಪನಿ ಈಗ ಎಲ್ಲಿದೆ? ಇದಕ್ಕೆ ದುಡ್ಡು ಹಾಕಬಹುದಾ, ಅಥವಾ ಸುಮ್ನೆ ನೆನಪಿಗೆ ಅಂತ ಶೋಕೇಸಿನಲ್ಲಿ ಇಟ್ಟುಬಿಡಲಾ?

---

ಬೆಸುಗೆ ಕಾಕಾ, ಬೆಳಗಾವಿ

ಚರಿತ್ರೆ ಬೇರೆ ಯಾರಾದರೂ ಹೇಳಲಿ. ನನ್ನದು ಒಂದೇ ಮಾತು: ಪ್ಲಗ್ ಹಾಕಬೇಡಿ. ಹಾಕಿದ್ದರೆ ಈಗಲೇ ತೆಗೆಯಿರಿ.

ಇಪ್ಪತ್ತು ವರ್ಷ ಅಟ್ಟದಲ್ಲಿ ಮಲಗಿದ್ದ ಯಂತ್ರಕ್ಕೆ ಒಮ್ಮೆಗೇ ಕರೆಂಟು ಕೊಟ್ಟರೆ ಒಣಗಿದ ಕೆಪಾಸಿಟರ್ (ಕರೆಂಟು ಕೂಡಿಟ್ಟುಕೊಳ್ಳುವ ಬಿಡಿಭಾಗ) ಹೋಗುತ್ತದೆ, ಹೋಗುವಾಗ ಪಕ್ಕದ ಟ್ರಾನ್ಸಿಸ್ಟರನ್ನೂ ಕರೆದುಕೊಂಡು ಹೋಗುತ್ತದೆ. ಗಣಪತಿ ಹಬ್ಬ ಹತ್ತಿರ ಬಂತೆಂದರೆ ನನ್ನ ಮೇಜಿನ ಮೇಲೆ ಮಂಡಳದವರ ಆಂಪ್ಲಿಫೈಯರ್ ಸಾಲಾಗಿ ಬಂದು ಕೂರುತ್ತವೆ, ಅರ್ಧಕ್ಕರ್ಧ ಹೀಗೇ ಸತ್ತವು. ವರ್ಷವಿಡೀ ಗೋಡೌನಿನಲ್ಲಿ ಇಟ್ಟು ಹಬ್ಬದ ಹಿಂದಿನ ದಿನ ಫುಲ್ ವಾಲ್ಯೂಮ್!

ಎರಡು ವಿಷಯ ತಿಳಿಸಿ. ಹಿಂದೆ ವೋಲ್ಟೇಜ್ ಎಷ್ಟು ಅಂತ ಬರೆದಿದೆ? ಜಪಾನಿನಲ್ಲೇ ಮಾರಿದ ಯಂತ್ರಗಳು 100 ವೋಲ್ಟಿನವು, ನಮ್ಮ 230ಕ್ಕೆ ನೇರ ಹಾಕಿದರೆ ಹೊಗೆ. ಎರಡನೆಯದು, ಮೇಲಿನ ಮುಚ್ಚಳ ತೆಗೆದು ಬೋರ್ಡ್ ಮೇಲೆ ಬೆಲ್ಲದ ಪಾಕ ಚೆಲ್ಲಿದ ಹಾಗೆ ಕಂದು ಬಣ್ಣದ್ದೇನಾದರೂ ಅಂಟಿದೆಯಾ ನೋಡಿ. ಏನನ್ನೂ ಮುಟ್ಟಬೇಡಿ, ಬರೀ ನೋಡಿ.

---

ಸೆಕ್ಟರ್ ಹುಡುಗ, ಬಾಗಲಕೋಟೆ

ಕಾಕಾ, ಪ್ಲಗ್ ಹಾಕಿಲ್ಲ, ಪುಣ್ಯ. ಹಿಂದೆ ವೋಲ್ಟೇಜ್ ಬದಲಿಸುವ ಸಣ್ಣ ಬಿರಡೆ ಇದೆ, 220ರಲ್ಲಿ ನಿಂತಿದೆ. ಮುಚ್ಚಳ ತೆಗೆದೆ. ಧೂಳು ಅಂದರೆ ಕಂಬಳಿ ಹಾಸಿದ ಹಾಗಿತ್ತು, ಒಂದು ಹಲ್ಲಿ ಒಣಗಿ ಹಪ್ಪಳ ಆಗಿತ್ತು. ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್ ಇವೆ. ನೀವು ಹೇಳಿದ ಬೆಲ್ಲದ ಪಾಕವೂ ಇದೆ, ದೊಡ್ಡ ಕೆಪಾಸಿಟರುಗಳ ಬುಡದಲ್ಲಿ, ಕೆಲವು ಕಡೆ ಪೂರ್ತಿ ಕಪ್ಪಾಗಿದೆ. ಏನದು, ಸುಟ್ಟಿದೆಯಾ?

---

ಹಳೇ ಟೇಪು, ವಿಜಯಪುರ

ಸುಟ್ಟಿಲ್ಲ, ಕಾಕಾ ಬಂದು ಹೇಳುತ್ತಾರೆ. ಅಷ್ಟರಲ್ಲಿ ಚರಿತ್ರೆ ನಾನು ಹೇಳುತ್ತೇನೆ. ಬರಹ ಉದ್ದ ಆದೀತು, ಚಹಾ ಇಟ್ಟುಕೊಂಡು ಓದಿ.

ಹೆಸರು ಒಂದೇ, ಕಂಪನಿ ಬೇರೆ. ನಿಮ್ಮ ಅಟ್ಟದಲ್ಲಿದ್ದದ್ದು ಅಸಲಿ. ಟಿವಿ ಮೇಲಿದ್ದದ್ದು ಬಾಡಿಗೆಗೆ ತಂದ ಹೆಸರು. ನಮ್ಮಲ್ಲಿ ಸಾನ್ಸುಯಿ ಹೆಸರಿನ ಟಿವಿ ಮಾರಿದ್ದು ವಿಡಿಯೋಕಾನ್.

ಟೋಕಿಯೊದ ಯೊಯೊಗಿ ಅನ್ನುವ ಭಾಗದಲ್ಲಿ ಕೊಸಾಕು ಕಿಕುಚಿ ಎಂಬವರು ರೇಡಿಯೋ ಬಿಡಿಭಾಗಗಳ ವ್ಯಾಪಾರದಲ್ಲಿದ್ದರು. ಯುದ್ಧದ ಕಾಲ, ಸಿಗುತ್ತಿದ್ದ ಮಾಲೆಲ್ಲ ಕಳಪೆ. ಮಾರಿದ ಮೇಲೆ ಬೈಗುಳ ತಿನ್ನಬೇಕಾದವರು ಇವರೇ ಅಲ್ವಾ. ಕಡೆಗೆ ಇದನ್ನು ನಾನೇ ಮಾಡುತ್ತೇನೆ ಅಂತ 1944ರ ಕೊನೆಯಲ್ಲಿ ಕೈ ಹಾಕಿದರು. 1947ರಲ್ಲಿ ಅದು ಸಾನ್ಸುಯಿ ಎಲೆಕ್ಟ್ರಿಕ್ ಕಂಪನಿ ಆಯಿತು. ಸಾನ್ ಅಂದರೆ ಬೆಟ್ಟ, ಸುಯಿ ಅಂದರೆ ನೀರು.

ಅವರು ಮೊದಲು ಮಾಡಿದ್ದು ಆಂಪ್ಲಿಫೈಯರ್ ಅಲ್ಲ, ಟ್ರಾನ್ಸ್‌ಫಾರ್ಮರ್. ಟ್ರಾನ್ಸಿಸ್ಟರಿಗೂ ಮೊದಲಿನ ಗಾಜಿನ ಕೊಳವೆಯ, ಅಂದರೆ ವಾಲ್ವ್ ಕಾಲದಲ್ಲಿ ದನಿಯ ಗುಣವೆಲ್ಲ ಅದರ ಕೈಯಲ್ಲಿತ್ತು. ಸ್ಪೀಕರಿಗೆ ಹೋಗುವ ಪ್ರತಿ ಸದ್ದೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿ ದಾಟಿಯೇ ಹೋಗಬೇಕು. ಸುತ್ತಿದ್ದು ಸರಿ ಇಲ್ಲದಿದ್ದರೆ ತಬಲದ ಬಾಯಾ ಕೇಳುವುದಿಲ್ಲ, ತಂಬೂರಿಯ ಜೇಂಕಾರ ಮಂಕಾಗುತ್ತದೆ. ಹಾಗಾಗಿ ಆಮೇಲೆ ಆಂಪ್ಲಿಫೈಯರಿಗೆ ಇಳಿದಾಗ ಅರ್ಧ ವಿದ್ಯೆ ಇವರಿಗೆ ಮೊದಲೇ ಬಂದಿತ್ತು. ನೀವು ಎತ್ತಿ ಸೊಂಟ ಹಿಡಿಸಿಕೊಂಡಿರಲ್ಲ, ಆ ಭಾರ ಎಲ್ಲ ಅದೇ. ನಿಮ್ಮದರಲ್ಲಿ ಎಡ ಚಾನೆಲ್ಲಿಗೆ ಒಂದು, ಬಲಕ್ಕೆ ಒಂದು.

1950ರ ದಶಕದಲ್ಲಿ ಕಿಟ್ ಮಾಡಿ ಮಾರಿದರು, ಜನ ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. 1958ರ ಹೊತ್ತಿಗೆ ಸ್ಟೀರಿಯೊಗೆ ಬಂದರು. 1965ರಲ್ಲಿ ಬಂದ ಎಯು-111 ವಾಲ್ವಿನದು, ಮುಖ ಪೂರ್ತಿ ಕಪ್ಪು. ಆಗ ಹೆಚ್ಚಿನವರು ಬೆಳ್ಳಿ ಬಣ್ಣದ ಮುಖ ಮಾಡುತ್ತಿದ್ದರು. ಕಪ್ಪು ಸಾನ್ಸುಯಿ ಅನ್ನುವ ಚಾಳಿ ಶುರುವಾದದ್ದು ಅಲ್ಲಿಂದ. ಮುಂದೆ ಟ್ರಾನ್ಸಿಸ್ಟರಿನ ಎಯು-777, 999, 9500 ಬಂದವು, 1976ರಲ್ಲಿ 607 ಮತ್ತು 707. ನಿಮ್ಮ 717 ಅದರ ಬೆನ್ನಿಗೇ ಬಂದ ತಮ್ಮ. ಚಾನೆಲ್ಲಿಗೆ 85 ವಾಟ್.

ಈ ಮಾಲು ಜಗತ್ತಿಗೆಲ್ಲ ಹಬ್ಬಿದ ಬಗೆ ನನಗೆ ಬಹಳ ಇಷ್ಟ. ವಿಯೆಟ್ನಾಂ ಯುದ್ಧಕ್ಕೆ ಬಂದ ಅಮೆರಿಕದ ಸೈನಿಕರಿಗೆ ಏಷ್ಯಾದ ಸೇನಾ ಅಂಗಡಿಗಳಲ್ಲಿ ಸಾನ್ಸುಯಿ, ಅಕಾಯ್, ಪಯೋನಿಯರ್, ಕೆನ್‌ವುಡ್ ಅಗ್ಗಕ್ಕೆ ಸಿಗುತ್ತಿದ್ದವು. ಸಂಬಳ ಉಳಿಸಿ ಕೊಂಡು ಊರಿಗೆ ಒಯ್ಯುತ್ತಿದ್ದರು. ಅಮೆರಿಕದ ಎಷ್ಟೋ ಮನೆಗೆ ಜಪಾನಿನ ಸ್ಟೀರಿಯೊ ಹೊಕ್ಕಿದ್ದೇ ಹೀಗೆ. ನಮ್ಮ ಕಡೆ ಅದೇ ಕೆಲಸ ಗಲ್ಫಿಗೆ ಹೋದವರು ಮಾಡಿದರು. ನಿಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ, ನಮ್ಮ ಓಣಿಯಲ್ಲೇ ಎರಡು ಮನೆಗೆ ಹೀಗೆ ಬಂದಿತ್ತು. ಆಗ ಹೊರಗಿನ ಮಾಲು ಇಲ್ಲಿ ಅಂಗಡಿಯಲ್ಲಿ ಕೊಳ್ಳುವ ಹಾಗೆ ಎಲ್ಲಿತ್ತು?

ಇನ್ನು ಮುಳುಗಿದ ಕಥೆ. 1985ರಲ್ಲಿ ಒಂದು ಡಾಲರಿಗೆ ಸುಮಾರು 240 ಯೆನ್ ಇತ್ತು. ಡಾಲರ್ ಬೆಲೆ ಇಳಿಸಲು ದೊಡ್ಡ ದೇಶಗಳು ಮಾಡಿಕೊಂಡ ಪ್ಲಾಜಾ ಒಪ್ಪಂದದ ನಂತರ ಎರಡೇ ವರ್ಷದಲ್ಲಿ 150ರ ಆಸುಪಾಸಿಗೆ ಇಳಿಯಿತು. ಅಂದರೆ ಯೆನ್ ಬೆಲೆ ಏರಿತು, ಜಪಾನಿನಲ್ಲಿ ಅದೇ ಖರ್ಚಿಗೆ ಮಾಡಿದ ಪೆಟ್ಟಿಗೆ ಹೊರಗಿನವರಿಗೆ ಒಂದೂವರೆ ಪಟ್ಟು ತುಟ್ಟಿ. ಅದೇ ಹೊತ್ತಿಗೆ ಸಿಡಿ ಬಂತು, ವಿಡಿಯೋ ಬಂತು, ಜನರ ದುಡ್ಡು ಅತ್ತ ಹೋಯಿತು. ಸೋನಿ, ಮತ್ಸುಶಿತಾದಂಥ ದೊಡ್ಡವರು ಒಂದರಲ್ಲಿ ಕಳೆದುಕೊಂಡರೆ ಇನ್ನೊಂದರಲ್ಲಿ ಗಳಿಸುತ್ತಾರೆ. ಸಾನ್ಸುಯಿಗೆ ಇದ್ದದ್ದು ಇದೊಂದೇ ಕಸುಬು.

1989ರಲ್ಲಿ ಪಾಲಿ ಪೆಕ್ ಅನ್ನುವ ಬ್ರಿಟಿಷ್ ಕಂಪನಿ ಇದರ ದೊಡ್ಡ ಪಾಲು ಕೊಂಡಿತು. ಅದರ ಮುಖ್ಯಸ್ಥ ಸೈಪ್ರಸ್ ಮೂಲದ ಆಸಿಲ್ ನಾದಿರ್. ಬಟ್ಟೆ ವ್ಯಾಪಾರದ ಕಂಪನಿ ಅದು, ಹಣ್ಣಿಗೆ ಇಳಿದಿತ್ತು. ಅದೇ ವರ್ಷ ಡೆಲ್ ಮಾಂಟೆಯ ತಾಜಾ ಹಣ್ಣಿನ ವ್ಯವಹಾರವನ್ನೂ ಕೊಂಡಿತು. ಅಂದರೆ ಒಂದು ಕೈಯಲ್ಲಿ ಅನಾನಸ್, ಇನ್ನೊಂದು ಕೈಯಲ್ಲಿ ಆಂಪ್ಲಿಫೈಯರ್. ಮರುವರ್ಷ, 1990ರಲ್ಲಿ, ಪಾಲಿ ಪೆಕ್ ಕುಸಿದು ಬಿತ್ತು. ನಾದಿರ್ 1993ರಲ್ಲಿ ಉತ್ತರ ಸೈಪ್ರಸ್ಸಿಗೆ ಓಡಿಹೋದವರು 2010ರಲ್ಲಿ ಲಂಡನ್ನಿಗೆ ವಾಪಸ್ ಬಂದರು, 2012ರಲ್ಲಿ ಕಂಪನಿಯ ಹಣ ಕದ್ದದ್ದಕ್ಕೆ ಹತ್ತು ವರ್ಷ ಶಿಕ್ಷೆ ಆಯಿತು. ಸಾನ್ಸುಯಿ ಅಷ್ಟರಲ್ಲಿ ಸೆಮಿ-ಟೆಕ್ ಬಳಗದ ಕೈಗೆ, ಆಮೇಲೆ ಹಾಂಗ್‌ಕಾಂಗಿನ ಗ್ರಾಂಡೆ ಹೋಲ್ಡಿಂಗ್ಸ್ ಕೈಗೆ ಹೋಗಿತ್ತು. ಅಕಾಯ್, ನಕಾಮಿಚಿ ಕೂಡ ಅದೇ ಗ್ರಾಂಡೆ ಅಂಗಳಕ್ಕೆ ಬಂದು ಬಿದ್ದವು. ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ಮೀರಿಸಲು ಹೆಣಗಿದವರು ಒಂದೇ ಮನೆಯಲ್ಲಿ ಬಾಡಿಗೆಗೆ!

ಕಾರ್ಖಾನೆ ಕರಗುತ್ತ ಹೋಯಿತು, ಹೆಸರನ್ನು ದೇಶದೇಶಕ್ಕೆ ಲೈಸೆನ್ಸ್ ಕೊಟ್ಟು ದುಡ್ಡು ಎಣಿಸಿದರು. ನಿಮ್ಮ ಟಿವಿ ಆ ಕಾಲದ್ದು. ಮೂಲ ಜಪಾನಿ ಕಂಪನಿ 2012ರಲ್ಲಿ ಸಾಲ ತೀರಿಸಲಾಗದೆ ಕೋರ್ಟಿಗೆ ಹೋಯಿತು, 2014ರಲ್ಲಿ ಪೂರ್ತಿ ದಿವಾಳಿ. ಇಲ್ಲಿ ಹೆಸರು ಹೊತ್ತ ವಿಡಿಯೋಕಾನ್ ಕೂಡ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

---

ವಾಟ್ ಲೆಕ್ಕ, ಬೆಳಗಾವಿ

ಹಳೇ ಟೇಪು ಅವರು ಚೆನ್ನಾಗಿ ಬರೆದಿದ್ದಾರೆ, ಆದರೆ ಸ್ವಲ್ಪ ಆರತಿ ಎತ್ತಿದ ಹಾಗಾಯಿತು. ಯೆನ್ ಏರಿದ್ದಕ್ಕೇ ಮುಳುಗಿದರು ಅನ್ನುವುದಾದರೆ ಯಮಹಾ, ಡೆನಾನ್ ಹೇಗೆ ಉಳಿದವು? ಅವರಿಗೂ ಅದೇ ಯೆನ್ ತಾನೇ.

ನನ್ನ ಪ್ರಕಾರ ಸಾನ್ಸುಯಿ ಎಡವಿದ್ದು ಎಪ್ಪತ್ತರ ದಶಕದಲ್ಲೇ, ಒಳ್ಳೇ ದಿನಗಳಲ್ಲೇ. ಒಂದು, ನಾಲ್ಕು ಸ್ಪೀಕರಿನ ಹುಚ್ಚು. ನಾಲ್ಕು ಚಾನೆಲ್ಲಿನ ದನಿಯನ್ನು ಎಲ್‌ಪಿಯ ಎರಡು ಚಾನೆಲ್ಲಿಗೆ ಹೆಣೆದು, ಮನೆಯಲ್ಲಿ ಮತ್ತೆ ನಾಲ್ಕಾಗಿ ಬಿಡಿಸುವ ಕ್ಯೂಎಸ್ ಅನ್ನುವ ಪದ್ಧತಿ ಇವರದು. ಸಿಬಿಎಸ್‌ನವರದು ಎಸ್‌ಕ್ಯೂ, ಜೆವಿಸಿಯದು ಸಿಡಿ-4. ಮೂರೂ ಒಂದಕ್ಕೊಂದು ಹೊಂದುವುದಿಲ್ಲ! ಕೊಳ್ಳುವವನು ಯಾವುದನ್ನು ನಂಬಬೇಕು? ಯಾವುದನ್ನೂ ನಂಬಲಿಲ್ಲ. ದಶಕ ಮುಗಿಯುವ ಮೊದಲೇ ಎಲ್ಲವೂ ಮಣ್ಣು.

ಎರಡು, ವಾಟ್ ಜಗಳ. ಮೊದಲೆಲ್ಲ ಅಮೆರಿಕದಲ್ಲಿ ಬಾಯಿಗೆ ಬಂದಷ್ಟು ವಾಟ್ ಬರೆಯುತ್ತಿದ್ದರು. 1974ರಲ್ಲಿ ಅಲ್ಲಿನ ಸರ್ಕಾರ ನಿಯಮ ತಂದಿತು, ನಿರಂತರವಾಗಿ ಕೊಡಬಲ್ಲ ವಾಟನ್ನೇ ಬರೆಯಬೇಕು ಅಂತ. ಒಳ್ಳೇ ನಿಯಮ. ಆದರೆ ಅದರಿಂದ ನಿಜವಾದ ವಾಟಿನ ಪೈಪೋಟಿ ಶುರುವಾಯಿತು. ಪಯೋನಿಯರ್ ಎಸ್‌ಎಕ್ಸ್-1980 ಅಂತ ಚಾನೆಲ್ಲಿಗೆ 270 ವಾಟಿನದು ತಂದರೆ, ಸಾನ್ಸುಯಿ ಜಿ-33000 ಅಂತ 300 ವಾಟಿನದು. ಇಷ್ಟು ದನಿ ಯಾರಿಗೆ ಬೇಕು? ನಮ್ಮ ಅನಂತ ಚತುರ್ದಶಿ ಮೆರವಣಿಗೆಗೆ ಬೇಕಾದೀತು, ಮನೆಗಲ್ಲ. ಇಂಥ ದೈತ್ಯರನ್ನು ಮಾಡಲು ಸುರಿದ ದುಡ್ಡು ಎಷ್ಟಿದ್ದೀತು ಅಂತ ಯೋಚಿಸಿ.

ಅಂದಹಾಗೆ ಆ ನಿಯಮ ನಮ್ಮಲ್ಲಿ ಇದ್ದಿದ್ದರೆ ತೊಂಬತ್ತರ ದಶಕದ ಡಬ್ಬಿಗಳ ಮೇಲೆ ಸಾವಿರಾರು ವಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂತ ಯಾರೂ ಬರೆಯುತ್ತಿರಲಿಲ್ಲ. ನಾನೂ ಒಂದು ಕೊಂಡು ಬೇಸ್ತು ಬಿದ್ದವನೇ. ಹಿಂದಿನ ಫ್ಯೂಸ್ ನೋಡಿದರೆ 100 ವಾಟನ್ನೂ ಎಳೆಯುವಂತಿರಲಿಲ್ಲ.

ಸ್ಪೀಕರ್ ವಿಷಯವಂತೂ ಬೇಡ. ಸಾನ್ಸುಯಿ ಸ್ಪೀಕರಿನ ಮುಂದೆ ಕುಮಿಕೊ ಅಂತ ಮರದ ಜಾಲರಿ ಇರುತ್ತದೆ, ಹಳೇ ವಾಡೆಯ ಕಿಟಕಿ ಇದ್ದ ಹಾಗೆ, ನೋಡಲು ಬಲು ಚೆಂದ. ಕೇಳಲು ಸಾಧಾರಣ.

---

ಗುಮ್ಮಟದ ನೆರೆಯವ, ವಿಜಯಪುರ

ನಾಲ್ಕು ಸ್ಪೀಕರ್ ಯಾಕೆ ಬೇಕು ಸರ್, ಗೋಳಗುಮ್ಮಟದ ಮೇಲೆ ಹತ್ತಿ ಒಂದು ಚಪ್ಪಾಳೆ ತಟ್ಟಿ, ಪುಕ್ಕಟೆ ಸರೌಂಡ್.

---

ಹಳೇ ಟೇಪು, ವಿಜಯಪುರ

ಹ್ಹಹ್ಹ. ವಾಟ್ ಲೆಕ್ಕ ಅವರೇ, ಯಮಹಾ ಪಿಯಾನೊ ಮಾರುತ್ತದೆ, ಬೈಕಿನ ಕಂಪನಿಯೂ ಅದರಿಂದಲೇ ಹುಟ್ಟಿದ್ದು. ನಾನು ಹೇಳಿದ್ದೂ ಅದೇ, ಒಂದೇ ಕಸುಬಿದ್ದವನು ಮೊದಲು ಸಾಯುತ್ತಾನೆ. ಆದರೆ ವಾಟ್ ಜಗಳದ ಮಾತು ಒಪ್ಪಿದೆ.

ಕ್ಯೂಎಸ್ ಮಾತ್ರ ಪೂರ್ತಿ ಮಣ್ಣಾಗಲಿಲ್ಲ. ಡಾಲ್ಬಿಯವರು ಸಿನಿಮಾ ಮಂದಿರಕ್ಕೆ ಸರೌಂಡ್ ತರುವಾಗ ಮೊದಮೊದಲು ಲೈಸೆನ್ಸ್ ಪಡೆದು ಬಳಸಿದ್ದು ಸಾನ್ಸುಯಿಯ ಈ ಕ್ಯೂಎಸ್ ಲೆಕ್ಕವನ್ನೇ. ಮನೆಯಲ್ಲಿ ಸೋತದ್ದು ಟಾಕೀಸಿನಲ್ಲಿ ಕೆಲಸಕ್ಕೆ ಬಂತು. ಸ್ಪೀಕರ್ ಬಗ್ಗೆ ನೀವು ಹೇಳಿದ್ದು ಅವರಿಗೂ ಗೊತ್ತಿತ್ತೋ ಏನೋ, ಜಪಾನಿನಲ್ಲಿ ಅಮೆರಿಕದ ಜೆಬಿಎಲ್ ಸ್ಪೀಕರುಗಳನ್ನು ತರಿಸಿ ಮಾರುತ್ತಿದ್ದವರೂ ಸಾನ್ಸುಯಿಯವರೇ!

---

ಬೆಸುಗೆ ಕಾಕಾ, ಬೆಳಗಾವಿ

ಅಂಗಡಿ ಮುಚ್ಚಿ ಈಗ ಕೂತೆ. ತಮ್ಮಾ, ನಿಮ್ಮ ಬೆಲ್ಲದ ಪಾಕ ಅಂದರೆ ಅಂಟು. ದೊಡ್ಡ ಕೆಪಾಸಿಟರ್ ಅಲುಗಬಾರದು ಅಂತ ಕಾರ್ಖಾನೆಯಲ್ಲೇ ಹಚ್ಚಿದ್ದು. ಹಚ್ಚಿದಾಗ ತಿಳಿ ಬಣ್ಣ, ಯಾವ ತೊಂದರೆಯೂ ಇಲ್ಲ. ವರ್ಷಗಟ್ಟಲೆ ಬಿಸಿ ತಿಂದು ಕಂದಾಗುತ್ತದೆ, ಕಪ್ಪಾಗುತ್ತದೆ. ಕಪ್ಪಾದ ಮೇಲೆ ಎರಡು ಕೆಟ್ಟ ಗುಣ: ಸ್ವಲ್ಪ ಸ್ವಲ್ಪ ಕರೆಂಟು ಹರಿಯಲು ಬಿಡುತ್ತದೆ, ಮತ್ತೆ ಪಕ್ಕದ ರೆಸಿಸ್ಟರು, ಡಯೋಡುಗಳ ಕಾಲನ್ನು ತಿನ್ನುತ್ತದೆ. ಆ ಕಾಲದ ಸಾನ್ಸುಯಿಗಳಲ್ಲಿ ಇದು ಮಾಮೂಲು ರೋಗ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಲ್ಲಿ ಮೆಲ್ಲಗೆ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರ್ ಬೇಡ, ಬೋರ್ಡಿನ ತಾಮ್ರ ಎದ್ದು ಬರುತ್ತದೆ. ಕಾಲು ಹಸಿರಾದ ಬಿಡಿಭಾಗ ಬದಲಿಸಬೇಕು. ಅದಕ್ಕೆ ಜಪಾನಿನಿಂದ ಏನೂ ತರಬೇಕಾಗಿಲ್ಲ, ರೆಸಿಸ್ಟರ್ ರೆಸಿಸ್ಟರೇ.

ಆಮೇಲೆ ಸೀರೀಸ್ ಬಲ್ಬ್. 100 ವಾಟಿನ ಹಳೇ ತಂತಿ ಬಲ್ಬು, ಎಲ್‌ಇಡಿ ಅಲ್ಲ, ಅದರ ಮೂಲಕ ಆಂಪ್ಲಿಫೈಯರಿಗೆ ಕರೆಂಟು. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಉರಿದೇ ಇರುತ್ತದೆ, ಯಂತ್ರ ಉಳಿಯುತ್ತದೆ. ಸರಿ ಇದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಮುಂದಿನ ಪವರ್ ದೀಪ ಕೆಲವು ಸೆಕೆಂಡು ಮಿಟುಕಿಸಿ, ಒಳಗೆ ರಿಲೇ ಟಕ್ ಅಂದು, ನಿಂತು ಉರಿಯಬೇಕು. ಮಿಟುಕಿಸುತ್ತಲೇ ಇದ್ದರೆ ಯಾವುದೋ ಚಾನೆಲ್ಲಿನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟು) ಬರುತ್ತಿದೆ, ಸ್ಪೀಕರ್ ಸುಡಬಾರದು ಅಂತ ಅದು ಬಾಗಿಲು ತೆಗೆಯುತ್ತಿಲ್ಲ. ಸ್ಪೀಕರ್ ಜೋಡಿಸುವ ಮೊದಲು ಮೀಟರ್ ಹಿಡಿದು ನೋಡಬೇಕು, 50 ಮಿಲಿವೋಲ್ಟ್ ಒಳಗಿದ್ದರೆ ಪಾಸು.

ಇದನ್ನೆಲ್ಲ ನೀವೇ ಮಾಡಿ ಅಂತ ಹೇಳುತ್ತಿಲ್ಲ. ಆ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಹೊಡೆಯುತ್ತದೆ. ಆ ಅಂಗಡಿಯವನಿಗೆ ಕೊಡಬೇಡಿ, ಅಷ್ಟೇ. ತಾಮ್ರದ ರೇಟ್ ನೋಡಿದವನು ಟ್ರಾನ್ಸ್‌ಫಾರ್ಮರನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಬೆಳಗಾವಿ ಕಡೆ ಬಂದಾಗ ತನ್ನಿ.

---

ಹಳೇ ಟೇಪು, ವಿಜಯಪುರ

ಕಾಕಾ ಟ್ರಾನ್ಸ್‌ಫಾರ್ಮರ್ ಅಂದಾಗ ನೆನಪಾಯಿತು. ಕಂಪನಿ ಹೋದರೂ ಅದರ ಮೊದಲ ಕಸುಬು ಹೋಗಿಲ್ಲ. ಸಾನ್ಸುಯಿಯ ಟ್ರಾನ್ಸ್‌ಫಾರ್ಮರ್ ಕೆಲಸವನ್ನು ಜಪಾನಿನ ಹಶಿಮೊಟೊ ಅನ್ನುವವರು ಮುಂದುವರಿಸಿದರು. ಎಸ್‌ಟಿ ಅಂತ ಶುರುವಾಗುವ ಬೆರಳ ತುದಿಯಷ್ಟು ಸಣ್ಣ ಟ್ರಾನ್ಸ್‌ಫಾರ್ಮರುಗಳು ಇವೆ, ಅಲ್ಲಿನ ಹುಡುಗರು ರೇಡಿಯೋ ಕಟ್ಟಲು ಕಲಿಯುವಾಗ ಕೊಳ್ಳುವಂಥವು. ಟಿವಿ ಮೇಲಿನ ಹೆಸರಿಗಿಂತ ಇದೇ ಅಸಲಿ ವಾರಸುದಾರ ಅಂತ ನನ್ನ ಲೆಕ್ಕ.

---

ಸೆಕ್ಟರ್ ಹುಡುಗ, ಬಾಗಲಕೋಟೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋದ ಭಾನುವಾರ ಕಾಕಾ ಹತ್ತಿರ ಒಯ್ದಿದ್ದೆ. ಲೋಕಾಪುರ ದಾಟುವ ತನಕ ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ಡಬ್ಬವನ್ನು ಡ್ರೈವರ್ ಹಿಂದೆ ಇಟ್ಟು ನಾನೂ ನಿಂತೇ ಹೋದೆ.

ಅಂಟು ಕೆರೆಯಲು ಮೂರು ತಾಸು ಹಿಡಿಯಿತು. ಹನ್ನೊಂದು ರೆಸಿಸ್ಟರ್, ನಾಲ್ಕು ಡಯೋಡು ಬದಲಿಸಿದರು. ಬಲ್ಬು ಬೆಳಗಿ ಮಂಕಾಯಿತು. ದೀಪ ಮಿಟುಕಿಸಿತು, ನಾವಿಬ್ಬರೂ ಉಸಿರು ಹಿಡಿದು ಕೂತೆವು, ಟಕ್ ಅಂತು. ಕಾಕಾ ತಮ್ಮ ಫೋನಿನಿಂದ ಹಳೇ ನಾಟ್ಯಗೀತೆ ಹಾಕಿದರು. ಎಡಗಡೆ ಚೆನ್ನಾಗಿ ಬಂತು, ಬಲಗಡೆ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದೆ. ಕ್ಲೀನರ್ ಹೊಡೆದು ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ ಅಂದರು.

ಅವ್ವನಿಗೆ ಫೋನಿನಲ್ಲಿ ಕೇಳಿಸಿದೆ. "ದನಿ ಇರ್ಲಿ, ನನ್ನ ಸೀರಿ ಎಲ್ಲೈತಿ?" ಅಂದರು. ಸೀರೆ ಕಾಕಾ ಅಂಗಡಿಯಲ್ಲೇ ಉಳಿದಿದೆ. ಕಾಕಾ, ದಯವಿಟ್ಟು ಅದರಲ್ಲಿ ಧೂಳು ಒರೆಸಬೇಡಿ.